ತೆವಳುವ ಕಣ್ಣು

ಬೈಕಲಾದ ಜೆ.ಜೆ. ಆಸ್ಪತ್ರೆಯೆಂದರೆ ನಮ್ಮಲ್ಲಿ ಹಲವರಿಗೆ ಉದ್ದನೆಯ ಸರತಿಸಾಲುಗಳ ನೆನಪು. ಅಲ್ಲಿಯ ನರರೋಗತಜ್ಞ ಡಾ. ನೊಶೀರ್ ವಾಡಿಯಾ, ಸ್ವಾಮಿಯವರೊಡಗೂಡಿ, 1971ರಲ್ಲಿ ‘ಬ್ರೇನ್’ ಪತ್ರಿಕೆಯಲ್ಲಿ ಒಂಬತ್ತು ಕುಟುಂಬಗಳ ವೃತ್ತಾಂತವನ್ನು ಪ್ರಕಟಿಸಿದರು. ನಡಿಗೆ ತೂರಾಡುವ ಆನುವಂಶಿಕ ವ್ಯಾಧಿಗಳು ವೈದ್ಯಲೋಕಕ್ಕೆ ಹೊಸತಲ್ಲ. ಇವರು ಗಮನಿಸಿದ್ದು ಕಣ್ಣನ್ನು. ನಮ್ಮ ದೃಷ್ಟಿ ಒಂದು ವಸ್ತುವಿನಿಂದ ಇನ್ನೊಂದಕ್ಕೆ ಥಟ್ಟನೆ ನೆಗೆಯುತ್ತದೆ. ಆ ರೋಗಿಗಳ ದೃಷ್ಟಿ ತೆವಳುತ್ತಿತ್ತು. ಅದನ್ನು ಕಾಣಲು ಯಂತ್ರ ಬೇಕಿಲ್ಲ, ಎದುರು ಕುಳಿತು ನೋಡುವ ತಾಳ್ಮೆ ಸಾಕು. (ಅಂಥ ಸಾಲಿನ ಮುಂದೆ ತಾಳ್ಮೆಯೇನು ಅಗ್ಗದ ವಸ್ತುವಲ್ಲ.) ಎಸ್‌ಸಿಎ2 ಎಂದು ಹೆಸರಾದ ಈ ವ್ಯಾಧಿಯ ಜೀನ್ ಪತ್ತೆಯಾದದ್ದು 1996ರಲ್ಲಿ. ತಂದೆಯ ರೋಗ ಮಗಳಿಗೂ ಬರುವುದೇ ಎಂದು ಇಂದು ರಕ್ತಪರೀಕ್ಷೆ ಹೇಳಬಲ್ಲದು. ತಡೆಯುವ ಮದ್ದು ಮಾತ್ರ ಇನ್ನೂ ಬಂದಿಲ್ಲ. ಆ ಪರೀಕ್ಷೆ ಬೇಕೇ, ಬೇಡವೇ ಎಂಬುದನ್ನು ಮಗಳೇ ನಿರ್ಧರಿಸಬೇಕು.