ಎರೆ ಹೊಲದ ಬಿರುಕು, ಮಸಾರಿಯ ಬಿಲ: ಧಾರವಾಡ ಸೀಮೆಯ ಕಾಡಿಲಿಗಳು

ಧಾರವಾಡ ತಾಲ್ಲೂಕಿನ ಉಪ್ಪಿನಬೆಟಗೇರಿಯ ಸುತ್ತಲಿನ ಸೀಮೆಯಲ್ಲಿ ಜೋಳ, ಹತ್ತಿ, ಕಡಲೆಗಳಿಗೆ ಆಧಾರವಾದದ್ದು ಎರೆ ಭೂಮಿ, ಅಂದರೆ ಬೇಸಿಗೆಯಲ್ಲಿ ಒಣಗಿ ಆಳವಾಗಿ ಬಿರಿದು, ಮಳೆಗೆ ಉಬ್ಬಿ ಮುಚ್ಚಿಕೊಳ್ಳುವ ಕಪ್ಪು ಮಣ್ಣು. ಈ ಸೀಮೆಯ ಯಾವ ಇಲಿ ಯಾವ ನೆಲವನ್ನು ಆಯ್ದುಕೊಳ್ಳುತ್ತದೆ ಎಂಬುದನ್ನು ವಿವರವಾಗಿ ಬರೆದಿಟ್ಟವರು ವಾಲ್ಟರ್ ಎಲಿಯಟ್ (1803–1887). 1824ರ ಕಿತ್ತೂರು ಕಾಳಗದಲ್ಲಿ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕಿದ್ದ ಈ ಅಧಿಕಾರಿ, ದಕ್ಷಿಣ ಮರಾಠಾ ಸೀಮೆಯೆಂದು ಆಗ ಕರೆಯಲಾಗುತ್ತಿದ್ದ ಈ ಪ್ರದೇಶದ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಮದರಾಸಿನ ವಿದ್ವತ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಅದರಲ್ಲಿ ಕನ್ನಡ ರೈತರೂ ಕೆರೆ ತೋಡುವ ವಡ್ಡರೂ ಬಳಸುತ್ತಿದ್ದ ಹೆಸರುಗಳನ್ನೂ ದಾಖಲಿಸಿದರು.

ಆ ಬರಹದ ಪ್ರಕಾರ 'ಗುಲಂದಿ' ಪೊದೆಗಳ ಜೀವಿ. ಮುಳ್ಳುಕೊಂಬೆಗಳ ನಡುವೆ ಒಣಹುಲ್ಲನ್ನು ಹೆಣೆದು ದುಂಡನೆಯ ಗೂಡು ಕಟ್ಟಿ, ಬೆಳಿಗ್ಗೆ ಸಂಜೆ ಮೇಯಲು ಹೊರಡುವ ಇದರ ಹೊಟ್ಟೆಯಲ್ಲಿ ಕರಿಕೆಯ ಬೇರುಗಳು ಸಿಕ್ಕಿದ್ದವು. ವಡ್ಡರು 'ಲೆಗ್ಯಡೆ' ಎನ್ನುತ್ತಿದ್ದ ಕಲ್ಲಿಲಿಗೆ ಬೇಕಾದದ್ದು ಮಸಾರಿ, ಅಂದರೆ ಗರಸು ಬೆರೆತ ಕೆಂಪು ಮಣ್ಣು. ಅದು ದಿಬ್ಬದ ಇಳಿಜಾರಿನಲ್ಲಿ ಬಿಲ ತೋಡಿ, ಒಳಗೆ ಸಣ್ಣ ಹರಳುಗಳನ್ನು ಹಾಸಿ, ತಾನು ಒಳಗಿರುವಾಗ ಬಾಯಿಯನ್ನೂ ಹರಳುಗಳಿಂದಲೇ ಮುಚ್ಚುತ್ತಿತ್ತು.

ಎರೆ ಹೊಲ 'ಮೆಟ್ಟಡೆ'ಯದು. ಗಟ್ಟಿಯಾದ ಬಿಲ ತೋಡದ ಈ ಇಲಿ ಗಿಡದ ಬುಡ, ಹೊಲದ ಕಲ್ಲುಗುಪ್ಪೆ, ಬೇರೆ ಇಲಿ ಬಿಟ್ಟುಹೋದ ಬಿಲ ಅಥವಾ ಬೇಸಿಗೆಯ ಬಿರುಕನ್ನೇ ಆಶ್ರಯಿಸುತ್ತಿತ್ತು. ಮುಂಗಾರು ಸುರಿದು ಬಿರುಕುಗಳು ಕುಸಿದು ಮುಚ್ಚಿದಾಗ ಪ್ರತಿವರ್ಷ ಬಹುಸಂಖ್ಯೆಯಲ್ಲಿ ಸಾಯುತ್ತಿತ್ತು. 1826ರಲ್ಲಿ ಆರಂಭದ ಮಳೆ ಕೈಕೊಟ್ಟಾಗ ಅವು ಮಿತಿಮೀರಿ ಹೆಚ್ಚಿ, ಬಿತ್ತಿದ ಬೀಜವನ್ನು ತಿಂದವು, ಜೋಳದ ದಂಟು ಹತ್ತಿ ತೆನೆ ಕತ್ತರಿಸಿದವು, ರೈತರು ಕಂದಾಯ ಕಟ್ಟಲಾಗದಂತೆ ಮಾಡಿದವು. ಇಂತಿಷ್ಟು ಡಜನ್ನಿಗೆ ಒಂದು ಅಳತೆ ಕಾಳು ಎಂಬ ಕೂಲಿಗೆ ವಡ್ಡರು ಸಾವಿರಾರು ಇಲಿಗಳನ್ನು ಕೊಂದರೂ ಸಂಖ್ಯೆ ಇಳಿದಂತೆ ಕಾಣಲಿಲ್ಲ. ಮಹಾಬರದ ಬೆನ್ನಲ್ಲೇ, 1878–79ರಲ್ಲಿ, ದಖ್ಖನ್ನಿನಲ್ಲಿ ಇಲಿಗಳ ಪಿಡುಗು ಮತ್ತೆ ಎದ್ದಿತು.

ಎರೆ ಸೀಮೆಯಲ್ಲಿ ಇಲಿಗಳ ಸಂಖ್ಯೆಯನ್ನು ಹಿಡಿತದಲ್ಲಿಟ್ಟದ್ದು ಮನುಷ್ಯನ ಕೋಲಿಗಿಂತ ಹೆಚ್ಚಾಗಿ ಸಕಾಲದ ಮಳೆ ಮತ್ತು ಮಣ್ಣಿನ ಗುಣ ಎಂಬುದನ್ನು ಈ ದಾಖಲೆ ತೋರಿಸುತ್ತದೆ. ಆ ಜ್ಞಾನದ ಬಹುಪಾಲು ನೆಲ ಅಗೆದು ಬದುಕಿದವರಿಂದ ಬಂದದ್ದರಿಂದ, ಪಟ್ಟಿಯಲ್ಲಿ ಹೆಸರಿಲ್ಲದ ಆ ವಡ್ಡರಿಗೂ ರೈತರಿಗೂ ಈ ಸೀಮೆಯ ಜೀವವಿಜ್ಞಾನದ ಇತಿಹಾಸದಲ್ಲಿ ಎಲಿಯಟ್ಟರ ಜೊತೆಗೇ ಸ್ಥಾನ ಸಲ್ಲಬೇಕು.