ಕೊಳೆಮದ್ದಿನ ಚರಿತ್ರೆಯಲ್ಲಿ ಲೋಹದ ಜೊತೆಗಾರ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳ ಕೊಳೆಮದ್ದನ್ನು ಲೋಹದ ಮದ್ದೆಂದೇ ವಿವರಿಸುವುದು ರೂಢಿ. ಅಡಿಕೆಯ ಕೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವ ಪದ್ಧತಿಯ ಜೊತೆಗೆ ಬೋರ್ಡೋ ದ್ರಾವಣ ಬಂತು, ತಾಮ್ರ ಕೊಳೆಯನ್ನು ಕೊಂದಿತು ಎಂದರೆ ಮಾತು ಮುಗಿಯಿತು. ಲೋಹಕ್ಕೆ ಎಲೆಕ್ಟ್ರಾನ್ ಜೋಡಿ ಕೊಟ್ಟು ಹಿಡಿದುಕೊಳ್ಳುವ ಲಿಗ್ಯಾಂಡ್ ಈ ಕಥನದಲ್ಲಿ ಕಾಣಿಸುವುದೇ ಇಲ್ಲ. ಬೋರ್ಡೋವನ್ನು ವಿವರಿಸುವುದಕ್ಕೂ ಈ ಓದು ಸಾಲದು. ಮೈಲುತುತ್ತಕ್ಕೆ ಸುಣ್ಣ ಸೇರಿದಾಗ ತಾಮ್ರ ನೀರಿನಲ್ಲಿ ಕರಗದ ರೂಪ ತಾಳುತ್ತದೆ. ಜಡಿಮಳೆಯಲ್ಲೂ ಕಾಯಿಯ ಮೇಲೆ ಉಳಿಯುವುದು ಅದರಿಂದಲೇ. ಹಾಗಾದರೆ ಕರಗದ್ದು ಬೀಜಾಣುವಿನ ಒಳಹೊಕ್ಕಿದ್ದು ಹೇಗೆ? ಬೀಜಾಣುಗಳೇ ಹೊರಬಿಡುವ ಮ್ಯಾಲಿಕ್ ಆಮ್ಲ, ಅಮೈನೊ ಆಮ್ಲಗಳು ತಾಮ್ರವನ್ನು ಹಿಡಿದು ಕರಗಿಸುತ್ತವೆಂದು 1936ರಲ್ಲಿ ಮೆಕ್ಯಾಲನ್ ಮತ್ತು ವಿಲ್ಕಾಕ್ಸನ್ ತೋರಿಸಿದರು. (ಅವರ ಪ್ರಯೋಗ ಅಡಿಕೆಯ ಕೊಳೆಯ ಮೇಲೆ ನಡೆದದ್ದಲ್ಲ, ನಾನು ಇಲ್ಲಿಗೆ ತರುತ್ತಿರುವುದು ತತ್ತ್ವವನ್ನು, ಅವರ ಅಂಕಿಗಳನ್ನಲ್ಲ. ಅಡಿಕೆಯ ಕೊಳೆಯ ಬಗೆಗಿನ 1910ರ ಕೋಲ್ಮನ್ ವರದಿಯನ್ನು ಕೊಂಡಾಡುವವರು ಈ ಇಬ್ಬರ ಪ್ರಬಂಧದತ್ತಲೂ ಕಣ್ಣು ಹಾಯಿಸಬಹುದಿತ್ತು.)

ತಪ್ಪು ಓದು ಎದ್ದು ಕಾಣುವುದು ಫೊಸೆಟೈಲ್ ಅಲ್ಯುಮಿನಿಯಂ ವಿಷಯದಲ್ಲಿ. ಕೊಳೆ ತರುವ ಫೈಟಾಫ್ತೊರಾ ಕುಲದ ಜೀವಿಗಳ ವಿರುದ್ಧ 1977ರಲ್ಲಿ ಮಾರುಕಟ್ಟೆಗೆ ಬಂದ ಈ ಮದ್ದಿನಲ್ಲಿ ಒಂದು ಅಲ್ಯುಮಿನಿಯಂಗೆ ಮೂರು ಈಥೈಲ್ ಫಾಸ್ಫೊನೇಟ್‌ಗಳಿವೆ. ಹೆಸರಿನ ಬಾಲ ನೋಡಿ ಅಲ್ಯುಮಿನಿಯಂಗೆ ಪಟ್ಟ ಕಟ್ಟುವವರು ಹೆಸರನ್ನು ಓದಿದ್ದಾರೆಯೇ ಹೊರತು ವಸ್ತುವನ್ನಲ್ಲ. ಗಿಡದೊಳಗೆ ಇದು ಒಡೆದು ಫಾಸ್ಫೊನೇಟ್, ಅಂದರೆ ಫಾಸ್ಫರಸ್ ಆಮ್ಲದ ಅಯಾನು, ಆಗುತ್ತದೆ. ಫಾಸ್ಫರಸ್ ಆಮ್ಲವೊಂದೇ ರೋಗಕಾರಕವನ್ನು ತಡೆಯಬಲ್ಲದೆಂದು ಫೆನ್ ಮತ್ತು ಕಾಫಿ 1984ರಲ್ಲಿ ತೋರಿಸಿದರು. ಅಲ್ಯುಮಿನಿಯಂ ಇಲ್ಲದ ಪೊಟ್ಯಾಸಿಯಂ ಫಾಸ್ಫೊನೇಟ್ ಕೂಡ ಅದೇ ಕೆಲಸ ಮಾಡುತ್ತದೆ ಎಂಬುದು ನನ್ನ ವಾದದ ಬಲವಾದ ಆಧಾರ. ರಂಜಕವಿದ್ದ ಮೇಲೆ ಇದು ಗೊಬ್ಬರದ ಪರಿಣಾಮವಲ್ಲವೇ ಎಂಬ ಆಕ್ಷೇಪವೂ ನಿಲ್ಲದು: ಫಾಸ್ಫೊನೇಟನ್ನು ಫಾಸ್ಫೇಟಾಗಿಸುವ ಶಕ್ತಿ ಗಿಡಕ್ಕಿಲ್ಲ.

ಲಿಗ್ಯಾಂಡಿನ ಪರ ವಾದಿಸುವ ನನ್ನ ಪಕ್ಷದವರ ಅತ್ಯುತ್ಸಾಹಕ್ಕೂ ಇಲ್ಲೇ ಕಡಿವಾಣ ಬೇಕು. ರಂಜಕವಿದೆ ಎಂದ ಮಾತ್ರಕ್ಕೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್.ಎಸ್. ಕೃಷ್ಣಮೂರ್ತಿ ಮತ್ತು ಸಂಗಡಿಗರು ಬೆಳೆಸಿದ ಡೈಫಾಸ್ಫಜೇನ್ ಲಿಗ್ಯಾಂಡ್‌ಗಳ ಸಾಲಿಗೆ ಫಾಸ್ಫೊನೇಟನ್ನು ಸೇರಿಸಲಾಗದು. ಡೈಫಾಸ್ಫಜೇನ್‌ನಲ್ಲಿ ನೈಟ್ರೊಜನ್‌ನ ಆಚೀಚೆ ಇರುವ ಎರಡು ರಂಜಕಗಳೂ ತಮ್ಮ ಒಂಟಿ ಜೋಡಿಯಿಂದಲೇ ಲೋಹವನ್ನು ಹಿಡಿಯುತ್ತವೆ. ಅವಕ್ಕೆ ಸೇರಿದ ಗುಂಪುಗಳನ್ನು ಬದಲಿಸಿ ಆ ಹಿಡಿತವನ್ನು ಬಿಗಿಯಾಗಿಸಬಹುದು, ಸಡಿಲಿಸಲೂಬಹುದು. ಫಾಸ್ಫರಸ್ ಆಮ್ಲದಲ್ಲಿ ಮೂರು ಹೈಡ್ರೊಜನ್‌ಗಳಿದ್ದರೂ ಆಮ್ಲವಾಗಿ ಕಳಚುವುದು ಎರಡೇ. ಮೂರನೆಯದು ನೇರವಾಗಿ ರಂಜಕಕ್ಕೇ ಕೂಡಿಕೊಂಡಿದೆ. ಅಲ್ಲಿ ಕೊಡಲು ಜೋಡಿ ಉಳಿದಿಲ್ಲವಾದ್ದರಿಂದ ಲೋಹವನ್ನು ಹಿಡಿಯುವುದು ಆಮ್ಲಜನಕ. ಮೂಲಧಾತು ಒಂದೇ ಆದರೂ ಹಿಡಿತ ಬೇರೆ. ಹಾಗಾಗಿ ಕೊಳೆಮದ್ದಿನ ಚರಿತ್ರೆಯನ್ನು ಲೋಹಗಳ ಹೆಸರಿನಿಂದಲ್ಲ, ಹಿಡಿತದಿಂದ ಬರೆಯಬೇಕು: ಬೋರ್ಡೋದಲ್ಲಿ ಲಿಗ್ಯಾಂಡ್ ಲೋಹವನ್ನು ಹಿಡಿದ ಮೇಲೆ ಕೆಲಸ ಶುರು; ಫೊಸೆಟೈಲ್‌ನಲ್ಲಿ ಅದು ಲೋಹವನ್ನು ಬಿಟ್ಟ ಮೇಲೆ.