ವಿಕಾಸವೃಕ್ಷಗಳ ಶೋಧ: ಗಣನೆಯ ಮಿತಿ

ಜೀವಿಗಳ ಬಾಂಧವ್ಯವನ್ನು ಕವಲೊಡೆಯುವ ಮರದಂತೆ ಡಾರ್ವಿನ್ನನು 1837ರಲ್ಲಿಯೇ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದು ನೋಡಿದ್ದನು. ಆದರೆ ಸಾಧ್ಯವಿರುವ ಮರಗಳಲ್ಲಿ ಯಾವುದು ನಿಜಕ್ಕೆ ಸಮೀಪವಾದುದು? ಮೂಲವನ್ನು ಗುರುತಿಸಿ, ಎರಡೆರಡಾಗಿ ಕವಲೊಡೆಯುವ ಮರದಲ್ಲಿ ನಾಲ್ಕು ಪ್ರಭೇದಗಳನ್ನು 15 ಬಗೆಯಾಗಿ ಇರಿಸಬಹುದು. ಹತ್ತನ್ನು 3,44,59,425 ಬಗೆಯಾಗಿ. ಇಪ್ಪತ್ತಾದರೆ ಈ ಸಂಖ್ಯೆಗೆ 22 ಅಂಕಿಗಳು. ಅಷ್ಟನ್ನೂ ಒಂದೊಂದಾಗಿ ಪರೀಕ್ಷಿಸುವುದು ಗಣಕಯಂತ್ರಕ್ಕೂ ಆಗದ ಮಾತು. ಆದುದರಿಂದ ಈ ಶೋಧದ ಚರಿತ್ರೆಯನ್ನು ನಾವು, ಯಾವ ಮರಗಳನ್ನು ನೋಡದೆ ಬಿಡಬಹುದೆಂಬ ವಿವೇಚನೆಯ ಚರಿತ್ರೆಯೆಂದು ಕರೆಯಬಹುದು.

1963ರಲ್ಲಿ ಎಡ್ವರ್ಡ್ಸ್ ಮತ್ತು ಕವಾಲ್ಲಿ-ಸ್ಫೋರ್ಜ ಎಂಬ ವಿದ್ವಾಂಸರು ಅತ್ಯಲ್ಪ ಬದಲಾವಣೆಯನ್ನು ಬೇಡುವ ಮರವನ್ನೇ ಗ್ರಹಿಸಬೇಕೆಂದು ಸೂಚಿಸಿದರು. ಅಂಥದನ್ನು ಹುಡುಕಲು, ಒಂದು ಮರದಿಂದ ಹೊರಟು, ಕೊಂಬೆಗಳನ್ನು ಕಡಿದು ಬೇರೆಡೆ ಕಸಿಮಾಡಿ, ಬದಲಾವಣೆಗಳು ಕಡಮೆಯಾದರೆ ಆ ರೂಪವನ್ನು ಉಳಿಸಿಕೊಳ್ಳುವ ಕ್ರಮ ಬಳಕೆಗೆ ಬಂದಿತು. ಈ ರೀತಿಯಲ್ಲಿ 1993ರಲ್ಲಿ ಮಾರ್ಕ್ ಚೇಸ್ ಮೊದಲಾದವರು ಒಂದು ಜೀನನ್ನು ಆಧರಿಸಿ 499 ಬೀಜಸಸ್ಯಗಳ ಮರವನ್ನು ಪ್ರಕಟಿಸಿದರು. 1997ರಲ್ಲಿ ಅದೇ ಸಾಮಗ್ರಿಯನ್ನು ತಿಂಗಳುಗಟ್ಟಲೆ ಯಂತ್ರಕ್ಕೊಪ್ಪಿಸಿದವರಿಗೆ ಅದಕ್ಕಿಂತ ಮಿತವಾದ ಮರಗಳು ದೊರೆತವು. 1999ರಲ್ಲಿ ನಿಕ್ಸನ್ ಅವರು ಸಾಮಗ್ರಿಯ ಕೆಲವಂಶಗಳ ತೂಕವನ್ನು ಆಗಾಗ ಬದಲಿಸಿ, ಹುಡುಕಾಟವು ಒಂದೆಡೆ ಸಿಕ್ಕಿಕೊಳ್ಳದಂತೆ ಮಾಡಿ, ಕಾಲವನ್ನು ಬಹಳ ತಗ್ಗಿಸಿದರು.

ಆದರೆ ಮಿತವಾದ ಮರವೆಲ್ಲ ನಿಜವಾದ ಮರವಲ್ಲ. 1993ರ ಮರದಲ್ಲಿ ಹೂಸಸ್ಯಗಳ ಮೊದಲ ಕವಲು ಸೆರಟೋಫಿಲಮ್ ಎಂಬ ಜಲಸಸ್ಯದ್ದಾಗಿತ್ತು; 1999ರಲ್ಲಿ ಹಲವು ಜೀನುಗಳನ್ನು ಕೂಡಿಸಿ ಪರಿಶೀಲಿಸಿದಾಗ ಆ ಸ್ಥಾನವು ನ್ಯೂ ಕ್ಯಾಲೆಡೋನಿಯ ದ್ವೀಪದ ಆಂಬೊರೆಲ್ಲಕ್ಕೆ ಸಂದಿತು. ಶೋಧವನ್ನು ಚುರುಕುಗೊಳಿಸುವುದು ಬೇರೆ, ಸಾಕ್ಷ್ಯವನ್ನು ಹಿಗ್ಗಿಸುವುದು ಬೇರೆ. ಮುದ್ರಿತವಾದ ಮರವೊಂದನ್ನು ಓದುವಾಗ, ಎಷ್ಟು ಹುಡುಕಿದರು, ಯಾವ ಸಾಕ್ಷ್ಯದಿಂದ ಹುಡುಕಿದರು ಎಂಬ ಎರಡು ಪ್ರಶ್ನೆಗಳನ್ನೂ ನಾವು ಕೇಳಬೇಕಾಗುತ್ತದೆ.